ಬಸವನಹುಳುವಿನ ಬಾಗಿಲು

ನೀರುನಾಯಿಯೊಂದು ತನ್ನ ಮಗಳಿಗೆ ಹೊಳೆಯಲ್ಲಿ ತಾನೇ ಪಾಠ ಹೇಳುತ್ತಿತ್ತು. ಮುಳುಗುವುದು, ಮೀನು ಹಿಡಿಯುವುದು, ಹೀಗೆ. ಮಗಳು ಮಾತ್ರ ಚಿಪ್ಪಿನ ಬಾಯಿಗೆ ಬಾಗಿಲಿನಂಥ ಮುಚ್ಚಳ ಹಾಕಿಕೊಂಡು ಬಂಡೆಗೆ ಅಂಟಿದ್ದ ಬಸವನಹುಳುವನ್ನು ಮುಟ್ಟಿ, "ಅಮ್ಮಾ, ಇದು ಮುಚ್ಚಿದ ಬಾಗಿಲನ್ನು ಮತ್ತೆ ಯಾವಾಗ ತೆಗೆಯುತ್ತೆ?" ಎಂದು ಕೇಳುತ್ತಿತ್ತು.

"ಪಾಠ ಮುಗಿಯಲಿ, ನೋಡೋಣ," ಎನ್ನುತ್ತಿತ್ತು ತಾಯಿ. ಪಾಠ ಮುಗಿಯುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ಮಗಳು ಬಂಡೆಯನ್ನು ಸುಮ್ಮನೆ ದಾಟಿ ಹೋಯಿತು.

"ಯಾಕೆ ಮಗಳೇ, ಇವತ್ತು ಏನೂ ಕೇಳಲಿಲ್ಲ?"

"ನಿನಗೆ ಪುರುಸೊತ್ತಿಲ್ಲವಲ್ಲಮ್ಮ. ಕೇಳುವುದನ್ನೇ ಬಿಟ್ಟೆ."

ತಾಯಿ ಹಿಡಿದಿದ್ದ ಮೀನನ್ನು ನೀರಿಗೆ ಬಿಟ್ಟು, "ಬಾ, ಇವತ್ತು ಇದೇ ಪಾಠ," ಎಂದು ಬಂಡೆ ಹತ್ತಿ ಕೂತಿತು. ಇಬ್ಬರೂ ಅಲುಗಾಡದೆ ಕಾದರು. ಬಿಸಿಲೇರಿತು. ಕೊನೆಗೆ ಬಾಗಿಲು ಮೆಲ್ಲಗೆ ಸರಿದು ಪುಟ್ಟ ಕೊಂಬುಗಳು ಹೊರಬಂದವು.

"ಅರೆ, ಇದಕ್ಕೆ ಕಣ್ಣೆಲ್ಲಿದೆ?" ಎಂದು ತಾಯಿ ಮುಂದೆ ಬಾಗಿತು.

"ಮೆಲ್ಲಗಮ್ಮ," ಎಂದಿತು ಮಗಳು, "ಹೆದರೀತು. ಅದನ್ನೂ ಕಾದೇ ನೋಡಬೇಕು."