ಗಂಜಿ ಸಾಕೆಂದ ನಿಲುವಂಗಿ

ಈಸ್ಟರ್ ಹತ್ತಿರ ಬಂದಾಗ ಪಾದ್ರಿಗಳ ಬಿಳಿ ನಿಲುವಂಗಿಯೂ ಅವರ ಅಡುಗೆಮನೆಯ ಮಸಿಬಟ್ಟೆಯೂ ಒಂದೇ ಗಂಟಿನಲ್ಲಿ, ಬಟ್ಟೆ ಒಗೆಯುವ ದೇವಸಹಾಯನ ಕಲ್ಲಿನ ಬಳಿಗೆ ಬಂದವು. ನಿಲುವಂಗಿಗೆ ಮೈ ಉರಿದುಹೋಯಿತು. ಯಾರದೋ ಮದುವೆಯೂಟದ ಕೋಳಿಸಾರಿನ ಕಲೆ ಅದರ ತೋಳಿನಲ್ಲೂ ಇತ್ತು; ಆದರೆ ಅದು ಮಡಿಕೆಯ ಒಳಗಿನ ಮಾತು.

"ಅಣ್ಣಾ, ನನ್ನಲ್ಲಿ ಬಿಳುಪು ಎಳ್ಳಷ್ಟೂ ಉಳಿದಿಲ್ಲ. ನಿನಗೆ ತೋಚಿದಂತೆ ಮಾಡು," ಎಂದಿತು ಮಸಿಬಟ್ಟೆ.

ದೇವಸಹಾಯ ಅದನ್ನು ಉಬ್ಬೆಗೆ ಹಾಕಿ ಬೇಯಿಸಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹರವಿದ. ಆಮೇಲೆ ನಿಲುವಂಗಿಯ ಕಡೆ ತಿರುಗಿದ. "ಕಲೆ ಎಲ್ಲಿದೆ ತೋರಿಸು. ಎಂಥದ್ದಾದರೂ ತೆಗೆಯುತ್ತೇನೆ. ನಾನು ಕೂಲಿ ಕೇಳುವವನಲ್ಲ."

"ಕಲೆಯೇ? ನನಗೇ? ವಾರವಾರವೂ ಪಾಪದ ಬಗ್ಗೆ ಉಪದೇಶ ಮಾಡುವುದೇ ನಾನು! ಕಲ್ಲಿಗೆ ಬಡಿಸಿಕೊಳ್ಳುವ ಗತಿ ಅಂಥವರಿಗಿರಲಿ. ನನಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಸಾಕು," ಎಂದು ನಿಲುವಂಗಿ ತೋಳನ್ನು ಇನ್ನಷ್ಟು ಒಳಕ್ಕೆ ಮಡಚಿಕೊಂಡಿತು.

ಒಲ್ಲದವರನ್ನು ಒಗೆಯುವ ಪದ್ಧತಿ ದೇವಸಹಾಯನಿಗಿರಲಿಲ್ಲ. ಗಂಜಿ ಹಾಕಿದ, ಕಾದ ಇಸ್ತ್ರಿಪೆಟ್ಟಿಗೆ ಎಳೆದ. ಆ ಕಾವಿಗೆ ಕಲೆ ನೂಲಿನೊಳಗೇ ಬೇರುಬಿಟ್ಟಿತು.

ಈಸ್ಟರ್ ಬೆಳಿಗ್ಗೆ ಪಾದ್ರಿಗಳು ಆಶೀರ್ವದಿಸಲು ಕೈಯೆತ್ತಿದರು. ತೋಳಿನ ಮಡಿಕೆ ಬಿಚ್ಚಿಕೊಂಡಿತು, ಸಭೆಯೆಲ್ಲ ಕೋಳಿಸಾರನ್ನು ಕಂಡಿತು. ಗಾಬರಿಯಲ್ಲಿ ಯಾರೋ ಅಡುಗೆಮನೆಗೆ ಓಡಿ, ಒಗೆದ ಬಟ್ಟೆಯೊಂದನ್ನು ತಂದು ಕಲೆಯ ಮೇಲೆ ಹೊದಿಸಿದರು. ಹಾಲಿನಂತೆ ಬೆಳ್ಳಗಿದ್ದ ಅದನ್ನು ಮಸಿಬಟ್ಟೆಯೆಂದು ಯಾರೂ ಗುರುತಿಸಲಿಲ್ಲ, ನಿಲುವಂಗಿಯೊಂದನ್ನು ಬಿಟ್ಟು.

ಸೋಮವಾರ ದೇವಸಹಾಯ ಕಲ್ಲಿಗೆ ನೀರು ಹೊಯ್ದು, "ಈಗಲಾದರೂ ತೋರಿಸು. ಇನ್ನೂ ತೆಗೆಯಬಲ್ಲೆ," ಎಂದ.

ನಿಲುವಂಗಿ ಅತ್ತಿತ್ತ ನೋಡಿ ಪಿಸುಗುಟ್ಟಿತು: "ಈ ಸಲ ಗಂಜಿ ಸ್ವಲ್ಪ ಗಟ್ಟಿಯಾಗಿರಲಿ."