ಬೆಳೆದುಬಿಟ್ಟ ಗೆಂಡೆ

ನಮ್ಮೂರ ಕೆರೆಯ ಗೆಂಡೆ ಮೀನಿನಷ್ಟು ದೊಡ್ಡ ಪ್ರಾಣಿ ಮೂರು ಲೋಕದಲ್ಲೂ ಇರಲಿಲ್ಲವಂತೆ. ಹಾಗಂತ ಅದೇ ಹೇಳಿಕೊಂಡು ತಿರುಗುತ್ತಿತ್ತು.

"ಮೊದಲೆಲ್ಲ ತಳವೇ ಕಾಣುತ್ತಿರಲಿಲ್ಲ ಕಪ್ಪೆಯಣ್ಣ. ಈಗ ಹೊಟ್ಟೆ ತಳ ಮುಟ್ಟುತ್ತೆ, ಬೆನ್ನು ಆಕಾಶ ಮುಟ್ಟುತ್ತೆ. ಎಷ್ಟು ಬೆಳೆದುಬಿಟ್ಟಿದ್ದೇನೆ ನೋಡು!"

"ನೀನು ಬೆಳೆದಿಲ್ಲ ಮಾರಾಯ, ಕೆರೆ ಬತ್ತಿದೆ," ಎಂದಿತು ಕಪ್ಪೆ. "ಕಾಲುವೆಯಲ್ಲಿ ಇನ್ನೂ ನೀರಿದೆ. ಹೊಳೆಗೆ ಹೋಗಿಬಿಡೋಣ, ಬಾ."

"ಈ ಮೈ ಆ ಕಾಲುವೆಯಲ್ಲಿ ಹಿಡಿಸುತ್ತದೇನೋ? ಹೊಟ್ಟೆಕಿಚ್ಚು ನಿನಗೆ!"

ಕಪ್ಪೆ ಒಂದೇ ಹೋಯಿತು. ಆಮೇಲೆ ಕಾಲುವೆಯೂ ಒಣಗಿತು. ಗೆಂಡೆಯ ಬೆನ್ನು ಪೂರ್ತಿ ನೀರಿನಿಂದ ಮೇಲೆದ್ದ ದಿನ ಕೊಕ್ಕರೆಗಳು ಬಂದು ಸುತ್ತ ನಿಂತವು.

"ನಾನು ಬೆಳೆದಿದ್ದೇನೆ, ಅಲ್ಲವೇನ್ರಪ್ಪಾ?" ಎಂದು ಗೆಂಡೆ ಏದುಸಿರು ಬಿಡುತ್ತ ಕೇಳಿತು.

"ಬೆಳೆದಿದ್ದೀರಿ ಸ್ವಾಮಿ," ಎಂದಿತು ಹಿರಿಯ ಕೊಕ್ಕರೆ. "ದೂರದಿಂದಲೇ ಕಂಡಿರಿ."