ದೋಣಿಯಲ್ಲಿ ಕುಳಿತು ಹೇಳಿದ ಪಥ್ಯ

"ಗುರುಗಳೇ, ಒಳ್ಳೆಯ ಮಾತನ್ನು ಎಷ್ಟು ಸಲ ಹೇಳಿದರೂ ಕೇಳದವರನ್ನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಯಾರ ವಿಷಯ ಎಂದು ಗುರುಗಳು ವಿಚಾರಿಸಿದರು. ಮಠದಲ್ಲಿ ಅಡುಗೆ ಮಾಡುವ ತಾಯವ್ವನ ವಿಷಯ. ಸಂಜೆಯ ಪ್ರವಚನಕ್ಕೆ ಬಾ ಎಂದು ಶಿಷ್ಯ ಅವಳಿಗೆ ಹೇಳಿ ಹೇಳಿ ಸೋತಿದ್ದ. ಆಗಲಿ ಸ್ವಾಮಿ ಎನ್ನುತ್ತಾಳೆ, ಬರುವುದಿಲ್ಲ. ಮಠದಲ್ಲಿದ್ದೂ ಅವಳು ಅಜ್ಞಾನದಲ್ಲೇ ಉಳಿಯುತ್ತಾಳಲ್ಲ ಎಂದು ಅವನಿಗೆ ಸಂಕಟ. ಸಂಕಟಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಗುರುಗಳು ಈ ಕತೆ ಹೇಳಿದರು.

ಕಡಲಾಚೆಯ ಒಂದು ನಾಡಿನಲ್ಲಿ ಒಬ್ಬ ವೈದ್ಯನಿದ್ದ. ಹರೆಯದಲ್ಲಿ ಅವನು ರಗ್ಬಿ ಆಟಗಾರ. ದೇಶದೇಶಗಳ ನಡುವೆ ಆ ಆಟ ಆಗತಾನೇ ಶುರುವಾಗಿತ್ತು. ಚೆಂಡನ್ನು ಎದೆಗವಚಿಕೊಂಡು ಒಬ್ಬ ಓಡುವುದು, ಅವನನ್ನು ಉಳಿದವರು ಕೆಡವುವುದು. ಇದನ್ನು ಆಡಲು ವೈದ್ಯಕೀಯ ಓದಿರಬೇಕಾಗಿಲ್ಲ. ಆಡಿದ ಮೇಲೆ ಓದಿದವನೊಬ್ಬ ಹತ್ತಿರವಿದ್ದರೆ ಒಳ್ಳೆಯದು.

ತನ್ನ ದೇಶದ ಪರವಾಗಿ ಆಡಿದ ಮೊದಲ ಪಂದ್ಯದಲ್ಲೇ ಅವನ ಹೆಗಲಿನ ಮೂಳೆ ಮುರಿಯಿತು. ಆ ಕಾಲದ ನಿಯಮದಲ್ಲಿ ಬಿದ್ದವನ ಬದಲಿಗೆ ಇನ್ನೊಬ್ಬ ಬರುವಂತಿರಲಿಲ್ಲ. ಅವನು ಹೊರಗೆ ಹೋದರೆ ತಂಡಕ್ಕೆ ಒಬ್ಬ ಕಡಿಮೆ. ಆದ್ದರಿಂದ ಕೈಯನ್ನು ಎದೆಗೆ ಕಟ್ಟಿಸಿಕೊಂಡು ಕೊನೆಯವರೆಗೂ ಆಡಿದ. ದೇಶ ಮೆಚ್ಚಿತು. ಮೂಳೆ ಸೊಟ್ಟಗೆ ಕೂಡಿತು.

ಮುಂದೆ ಅವನು ಹೊಳೆಯ ದಡದ ಒಂದು ಊರಿನಲ್ಲಿ ದವಾಖಾನೆ ತೆರೆದ. ಕೈ ಕಟ್ಟಿಸಿಕೊಂಡು ತಂಡದ ನಡುವೆ ನಿಂತಿದ್ದ ತನ್ನ ಚಿತ್ರವನ್ನು ಅಲ್ಲಿನ ಗೋಡೆಗೆ ಹಾಕಿದ. ರೋಗಿಗಳಿಗೆ ಧೈರ್ಯ ಬರಲಿ ಎಂಬುದು ಉದ್ದೇಶ. ಧೈರ್ಯ ಬಂತು. ಕಾಲು ಮುರಿದ ಗಾರೆಯವನಿಗೆ ಮಲಗು ಎಂದರೆ, ಅವನು ಚಿತ್ರ ನೋಡಿ ಎದ್ದು ಹೋದ. ಜ್ವರದ ಹೆಂಗಸಿಗೆ ನೀರಿಗಿಳಿಯಬೇಡ ಎಂದರೆ, ಅವಳೂ ಚಿತ್ರ ನೋಡಿದಳು. ವೈದ್ಯ ರೋಸಿಹೋಗಿ ಚಿತ್ರ ತೆಗೆದುಬಿಟ್ಟ. ಊರವರು ಗೋಡೆಯಲ್ಲಿ ಉಳಿದ ಮೊಳೆಯನ್ನು ತೋರಿಸಿ ಹೊಸಬರಿಗೆ ಕತೆ ಹೇಳತೊಡಗಿದರು. ಅವರ ಬಾಯಲ್ಲಿ ಮುರಿದ ಮೂಳೆಗಳು ಹೆಚ್ಚುತ್ತಲೇ ಹೋದವು.

ಒಂದು ದಿನ ಹೊಳೆಯ ಅಂಬಿಗ ಬಂದ. ಜಾರಿ ಬಿದ್ದು ಅವನ ಹೆಗಲಿನ ಮೂಳೆ ಮುರಿದಿತ್ತು, ವೈದ್ಯನದು ಮುರಿದ ಜಾಗದಲ್ಲೇ. ವೈದ್ಯ ಕಟ್ಟು ಹಾಕಿದ. ಮೂಳೆ ಕೂಡುವ ಮೊದಲು ಹುಟ್ಟು ಮುಟ್ಟಿದರೆ ಆ ಕೈ ಜೀವಮಾನವಿಡೀ ಕೆಲಸಕ್ಕೆ ಬಾರದು ಎಂದು ಎಚ್ಚರಿಸಿದ. ಅಂಗಿ ಸರಿಸಿ ತನ್ನ ಸೊಟ್ಟ ಹೆಗಲನ್ನೇ ತೋರಿಸಿದ. ಅಂಬಿಗ ಅದನ್ನು ಭಕ್ತಿಯಿಂದ ನೋಡಿ, ಆಗಲಿ ಎಂದು ಹೋದ.

ಮರುದಿನ ಬೆಳಿಗ್ಗೆ ಆಚೆ ದಡದಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಕರೆ ಬಂತು. ವೈದ್ಯ ಚೀಲ ಹಿಡಿದು ಓಡಿ ದೋಣಿ ಹತ್ತಿದ. ದೋಣಿ ಹೊರಟ ಮೇಲೆ ತಲೆಯೆತ್ತಿ ನೋಡುತ್ತಾನೆ, ಕಟ್ಟು ಹಾಕಿಸಿಕೊಂಡ ಅಂಬಿಗನೇ ಹುಟ್ಟು ಹಾಕುತ್ತಿದ್ದಾನೆ. ವೈದ್ಯ ಕುಳಿತಲ್ಲಿಂದಲೇ ಬೈಯತೊಡಗಿದ. ಕತ್ತೆ ಎಂದ. ನಿನಗೆ ಹಾಕಿದ ಕಟ್ಟಿನ ಬಟ್ಟೆಯೂ ದಂಡ ಎಂದ. ಹೊಳೆ ಅಗಲವಾಗಿತ್ತು, ಬೈಯಲು ಸಮಯವಿತ್ತು.

ನಡುಹೊಳೆಯಲ್ಲಿ ಅಂಬಿಗ ಕೈ ನಿಲ್ಲಿಸಿದ.

"ನಿಮ್ಮ ಮಾತು ಸರಿ ಡಾಕ್ಟರೇ. ಇಗೋ, ಹುಟ್ಟು ಬಿಟ್ಟೆ. ನಿಮ್ಮ ಆಟದ ಹಾಗೆ ಇಲ್ಲೂ ಬದಲಿ ಆಳಿಲ್ಲ. ಈಗೇನು ಮಾಡೋಣ, ಹೇಳಿ."

ದೋಣಿ ಮೆಲ್ಲಗೆ ತೇಲತೊಡಗಿತು. ಆಚೆ ದಡದಲ್ಲಿ ಜನ ಕೈ ಬೀಸುತ್ತಿದ್ದರು. ವೈದ್ಯ ಚೀಲ ಕೆಳಗಿಟ್ಟು ಹುಟ್ಟು ತೆಗೆದುಕೊಂಡ. ಸೊಟ್ಟ ಹೆಗಲಿನಿಂದ ಎಳೆದರೆ ದೋಣಿಯೂ ಸೊಟ್ಟಗೇ ಹೋಗುತ್ತದೆ. ಈಗ ಅಂಬಿಗ ಕುಳಿತಲ್ಲಿಂದ ಬುದ್ಧಿ ಹೇಳಿದ. ಹಾಗಲ್ಲ, ಎಡಕ್ಕೆ ಎಂದ. ಸೊಂಟ ಬಗ್ಗಿಸಿ ಎಂದ. ಅವನ ಮಾತೂ ಸರಿಯಾಗಿಯೇ ಇತ್ತು. ಸೇರಬೇಕಾದ ಜಾಗಕ್ಕಿಂತ ಬಹಳ ಕೆಳಗೆ ದೋಣಿ ದಡ ಮುಟ್ಟಿತು. ವೈದ್ಯ ಏದುಸಿರು ಬಿಡುತ್ತಾ ಮನೆ ಸೇರಿದಾಗ ಕೂಸು ಆಗಲೇ ತಾಯಿಯ ಮಗ್ಗುಲಲ್ಲಿ ಅಳುತ್ತಿತ್ತು.

ಅಂದಿನಿಂದ, ಅಂಬಿಗನ ಮೂಳೆ ಕೂಡುವವರೆಗೆ, ಹೊಳೆ ದಾಟುವವರೇ ಸರದಿಯ ಮೇಲೆ ಹುಟ್ಟು ಹಾಕಿದರು. ಬೆಳಗಿನ ಮೊದಲ ಸರದಿ ವೈದ್ಯನದು. ಅಂಬಿಗನ ಹೆಗಲು ನೆಟ್ಟಗೆ ಕೂಡಿತು. ಡಾಕ್ಟರ ಮಾತು ಪಾಲಿಸಿದವನು ಊರಿನಲ್ಲಿ ಅವನೊಬ್ಬನೇ ಎಂದು ಅವನಿಗೆ ಹೆಸರೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ಇನ್ನೂ ಏನಾದರೂ ಇದೆಯೇನೋ ಎಂದು ಶಿಷ್ಯ ಕಾದ. ಆಮೇಲೆ, ಕತೆ ಚೆನ್ನಾಗಿದೆ ಎಂದ. ಆದರೆ ತಾಯವ್ವನ ಮೂಳೆಯೇನೂ ಮುರಿದಿಲ್ಲವಲ್ಲ ಎಂದ.

ಗುರುಗಳು ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ಇವತ್ತು ಸಂಜೆ ಅವಳು ಪ್ರವಚನಕ್ಕೆ ಬಂದು ಕೂರಲಿ, ರೊಟ್ಟಿ ತಟ್ಟುವವರು ಯಾರು, ನೀನೋ ನಾನೋ?"